ಕಫುಯೆಯ ಕೆಸರು, ಲಂಡನ್ನಿನ ಕಟಕಟೆ

2014ರ ಮಾರ್ಚ್‌ನಲ್ಲಿ ಜೈನ ಉದ್ಯಮಿಗಳ ಅಂತರರಾಷ್ಟ್ರೀಯ ಸಂಘಟನೆ ‘ಜಿಟೊ’ ಬೆಂಗಳೂರಿನಲ್ಲಿ ಒಂದು ಸಭೆ ನಡೆಸಿತು. ಅಲ್ಲಿ ಮಾತಾಡಿದವರಲ್ಲಿ ವೇದಾಂತ ಸಮೂಹದ ಅನಿಲ್ ಅಗರ್ವಾಲ್ ಒಬ್ಬರು. ಪಟ್ನಾದಿಂದ ಮುಂಬೈಗೆ ಬಂದು, ಗುಜರಿ ಲೋಹದ ವ್ಯಾಪಾರದಿಂದ ಶುರುಮಾಡಿ ಲಂಡನ್ ಷೇರುಪೇಟೆ ಮುಟ್ಟಿದ ಮನುಷ್ಯ. ಆ ದಿನ ಅವರು ಹೇಳಿದ್ದು ಆಫ್ರಿಕಾದ ಜಾಂಬಿಯಾದಲ್ಲಿ ತಾಮ್ರದ ಗಣಿ ಕೊಂಡ ಕತೆ. ಅಲ್ಲಿನ ಸರ್ಕಾರ 40 ಕೋಟಿ ಡಾಲರ್ ಬೆಲೆ ಹೇಳುತ್ತಿದ್ದಾಗ ತಾವು ಎರಡೂವರೆ ಕೋಟಿ ಎಂದದ್ದು, ಅಷ್ಟಕ್ಕೇ ಗಣಿ ಕೈಗೆ ಬಂದದ್ದು, ಅಂದಿನಿಂದ ಅದು ವರ್ಷಕ್ಕೆ ಕಡಿಮೆಯೆಂದರೂ 50 ಕೋಟಿ ಡಾಲರ್ ತಂದುಕೊಡುತ್ತಿರುವುದು ಎಲ್ಲವೂ ಆ ಕತೆಯಲ್ಲಿತ್ತು.

ಎರಡು ತಿಂಗಳ ನಂತರ ಆ ಭಾಷಣದ ವಿಡಿಯೊ ಜಾಂಬಿಯಾ ತಲುಪಿತು. ‘ಫಾಯಿಲ್ ವೇದಾಂತ’ ಎಂಬ ಲಂಡನ್ನಿನ ಸಣ್ಣ ಹೋರಾಟದ ಗುಂಪು ಅದನ್ನು ಹೊರಹಾಕಿತ್ತು. ಅಂಕಿಯಲ್ಲಿ ನಿಜವೆಷ್ಟು, ವೇದಿಕೆಯ ಉಮೇದು ಎಷ್ಟು ಎಂಬ ಚರ್ಚೆ ಬೇರೆ. ಗಣಿಯಲ್ಲಿ ನಷ್ಟವೇ ಹೆಚ್ಚು ಎಂದು ವರ್ಷಗಳಿಂದ ಕೇಳಿಸಿಕೊಳ್ಳುತ್ತ ಬಂದಿದ್ದ ಜನಕ್ಕೆ ಇದು ಬೆಂಕಿ ಹಚ್ಚಿತು. ಆದರೆ ನನಗೆ ಈ ಭಾಷಣದಲ್ಲಿ ಆಸಕ್ತಿ ಇರುವುದು ದುಡ್ಡಿನ ಲೆಕ್ಕಕ್ಕಲ್ಲ. ಒಂದೇ ಮಾತಿನಲ್ಲಿ ಆ ಗಣಿ ‘ನಮ್ಮದು’ ಆಗಿತ್ತು. ಬೆಂಗಳೂರಿಗೂ ಗಣಿಯಿರುವ ಚಿಂಗೋಲಾಕ್ಕೂ ನಡುವೆ ದೂರವೇ ಇರಲಿಲ್ಲ. ಮುಂದೆ ಲಂಡನ್ನಿನ ನ್ಯಾಯಾಲಯದಲ್ಲಿ ಅದೇ ಸಮೂಹದ ವಕೀಲರು ವಾದಿಸಿದ್ದು ತದ್ವಿರುದ್ಧ: ಗಣಿ ನಡೆಸುವುದು ಜಾಂಬಿಯಾದ ಬೇರೊಂದು ಕಂಪನಿ, ಅಲ್ಲಿ ಆದದ್ದಕ್ಕೂ ನಮಗೂ ಸಂಬಂಧವಿಲ್ಲ.

ನಮ್ಮ ಕಡೆಯ ಕೂಡುಕುಟುಂಬಗಳಲ್ಲಿ ಇಂಥ ಯಜಮಾನರನ್ನು ನೋಡಿದ್ದೇವೆ. ಫಸಲು ಬರುವಾಗ ಎಲ್ಲ ಹೊಲವೂ ಒಂದೇ ಮನೆಯದು. ಸಾಲಗಾರ ಬಾಗಿಲಿಗೆ ಬಂದಾಗ ಮಾತ್ರ ‘ಅದು ತಮ್ಮನ ಪಾಲು ಸ್ವಾಮಿ, ನಮಗೆ ಭಾಗವಾಗಿ ಹತ್ತು ವರ್ಷವಾಯಿತು’. ಗಣಿ ಕಂಪನಿಗಳನ್ನು ಪರದೇಶದಲ್ಲಿ ಹೊಣೆಗಾರರನ್ನಾಗಿ ಮಾಡುವ ಮೂವತ್ತು ವರ್ಷಗಳ ಕಾನೂನು ಹೋರಾಟವೆಲ್ಲ ಈ ಒಂದು ಪಟ್ಟಿನ ಸುತ್ತ ನಡೆದಿದೆ.

ಚಿಂಗೋಲಾ ಇರುವುದು ಜಾಂಬಿಯಾದ ಉತ್ತರದ ಕಾಪರ್‌ಬೆಲ್ಟ್ ಪ್ರಾಂತ್ಯದಲ್ಲಿ. ಅಲ್ಲಿನ ಎನ್‌ಚಂಗಾ ತೆರೆದ ಗಣಿ ಜಗತ್ತಿನ ಅತಿ ದೊಡ್ಡ ಗಣಿಗುಂಡಿಗಳಲ್ಲೊಂದು. ಬ್ರಿಟಿಷರ ಕಾಲದಲ್ಲಿ ತೋಡಲು ಶುರುವಾದದ್ದು, 1964ರ ಸ್ವಾತಂತ್ರ್ಯದ ನಂತರ ರಾಷ್ಟ್ರೀಕರಣವಾಯಿತು. ತಾಮ್ರದ ಬೆಲೆ ಕುಸಿದು ದೇಶ ಸಾಲದಲ್ಲಿ ಮುಳುಗಿದಾಗ ಮತ್ತೆ ಖಾಸಗಿಯವರ ಪಾಲಾಯಿತು. 2000ದಲ್ಲಿ ತೆಗೆದುಕೊಂಡ ಆಂಗ್ಲೋ ಅಮೆರಿಕನ್ ಎರಡೇ ವರ್ಷಕ್ಕೆ ಕೈಬಿಟ್ಟಿತು. 2004ರಲ್ಲಿ ವೇದಾಂತ ಬಂತು. ಗಣಿ ನಡೆಸುವ ಕೊಂಕೋಲಾ ಕಾಪರ್ ಮೈನ್ಸ್‌ನಲ್ಲಿ ಕಡೆಗೆ ವೇದಾಂತದ ಪಾಲು ಶೇ 79.4ಕ್ಕೆ ಏರಿತು; ಉಳಿದದ್ದು ಜಾಂಬಿಯಾ ಸರ್ಕಾರದ ಕಂಪನಿಯದು. ಈ ಸಣ್ಣ ಪಾಲನ್ನು ನೆನಪಿಡಬೇಕು. ಮಾಲಿನ್ಯ ತಡೆಯಬೇಕಾದ ಸರ್ಕಾರವೇ ಗಣಿಯ ಪಾಲುದಾರನೂ ಆಗಿತ್ತು.

ಗಣಿಯ ಪಕ್ಕದಲ್ಲಿ ಮುಷಿಶಿಮಾ ಎಂಬ ಹಳ್ಳ ಹರಿಯುತ್ತದೆ. ಅದು ಹೋಗಿ ಸೇರುವುದು ಕಫುಯೆ ನದಿಯನ್ನು. ಸಾವಿರದ ಐನೂರು ಕಿಲೊಮೀಟರಿಗೂ ಉದ್ದದ ನದಿ. ಜಾಂಬಿಯಾದ ಅರ್ಧಕ್ಕಿಂತ ಹೆಚ್ಚು ಜನ ಅದರ ಕಣಿವೆಯಲ್ಲಿದ್ದಾರೆ. ಶಿಮುಲಾಲಾ, ಕಕೋಸಾ, ಹೆಲೆನ್, ಹಿಪ್ಪೊ ಪೂಲ್ ಎಂಬ ನಾಲ್ಕು ಊರುಗಳಿಗೆ ಈ ನೀರೇ ಗತಿ. ಕುಡಿಯಲು ಅದೇ, ಮೀಯಲು ಅದೇ, ಮೆಕ್ಕೆಜೋಳದ ಹೊಲಕ್ಕೂ ಅದೇ. ಅಲ್ಲಿನ ದಿನದೂಟ ಎನ್‌ಶಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜತೆಗೆ ಹೊಳೆಯ ಮೀನು.

ಗಣಿಗಾರಿಕೆಯಲ್ಲಿ ತಾಮ್ರ ಸಿಗುವುದು ಕೊಂಚ, ಮಿಕ್ಕಿದ್ದೆಲ್ಲ ಕೆಸರು. ಅದಿರನ್ನು ಅರೆದು, ಆಮ್ಲದಲ್ಲಿ ತೊಳೆದು, ಲೋಹ ಬಸಿದ ಮೇಲೆ ಉಳಿಯುವ ಈ ರಾಡಿಯನ್ನು ಕೊಳವೆಗಳಲ್ಲಿ ಸಾಗಿಸಿ ಕಟ್ಟೆಗಳ ಹಿಂದೆ ನಿಲ್ಲಿಸುತ್ತಾರೆ. ಕುದುರೆಮುಖದ ಲಖ್ಯಾ ಅಣೆಕಟ್ಟೆ ನೋಡಿದವರಿಗೆ ಅದರ ಗಾತ್ರದ ಅಂದಾಜು ಇರುತ್ತದೆ, ಅಲ್ಲಿರುವುದು ಕಬ್ಬಿಣದ ಕೆಸರು ಅಷ್ಟೇ. 2006ರ ನವೆಂಬರ್‌ನಲ್ಲಿ ಚಿಂಗೋಲಾದ ಒಂದು ಕೊಳವೆ ಒಡೆಯಿತು. ಕಫುಯೆಯ ನೀರು ನೀಲಿಗಟ್ಟಿತು. ಮೀನು ಸತ್ತು ತೇಲಿದವು, ಊರಿನ ನಲ್ಲಿಗಳನ್ನು ನಿಲ್ಲಿಸಬೇಕಾಯಿತು. ಹಳ್ಳಿಯವರು ಹೇಳುವ ಪ್ರಕಾರ ಇದು ಒಂದು ದಿನದ ಅಪಘಾತವಲ್ಲ. ಹಳ್ಳದ ನೀರು ಕೆಡುತ್ತಲೇ ಇತ್ತು. ಮೈಮೇಲೆ ಗುಳ್ಳೆ, ಹೊಟ್ಟೆನೋವು, ಸುಟ್ಟಂತಾದ ಬೆಳೆ ಇವೇ ಅವರ ಅರ್ಜಿಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು.

ಅವರು ನೇರ ಲಂಡನ್ನಿಗೆ ಓಡಿದರು ಎಂಬ ಭಾವನೆ ಇದ್ದರೆ ಅದು ತಪ್ಪು. ಮೊದಲು ಹೋದದ್ದು ತಮ್ಮ ದೇಶದ ನ್ಯಾಯಾಲಯಕ್ಕೇ. 2011ರಲ್ಲಿ ಜಾಂಬಿಯಾ ಹೈಕೋರ್ಟಿನ ನ್ಯಾಯಮೂರ್ತಿ ಫಿಲಿಪ್ ಮುಸೊಂಡಾ ಗಣಿ ಕಂಪನಿಯ ವಿರುದ್ಧ ಕಟುವಾದ ತೀರ್ಪು ಕೊಟ್ಟರು. ಜನ ಬದುಕಿದರೇನು ಸತ್ತರೇನು ಎಂಬಂಥ ಅಲಕ್ಷ್ಯ ಕಂಪನಿಯದು ಎಂಬುದು ಅದರ ಧಾಟಿ. ಸುಮಾರು 2,000 ಅರ್ಜಿದಾರರಿಗೆ ಆಗಿನ ಹಣದಲ್ಲಿ 1,000 ಕೋಟಿ ಕ್ವಾಚಾ, ತಲೆಗೆ 50 ಲಕ್ಷ ಕ್ವಾಚಾ ಪರಿಹಾರ. ಕೇಳಲು ದೊಡ್ಡದು, ಡಾಲರಿಗೆ ತಿರುಗಿಸಿದರೆ ಒಬ್ಬೊಬ್ಬರಿಗೆ ಸಾವಿರದ ಆಸುಪಾಸು. ಕಂಪನಿ ಮೇಲ್ಮನವಿ ಹೋಯಿತು. 2015ರಲ್ಲಿ ಜಾಂಬಿಯಾದ ಸುಪ್ರೀಂ ಕೋರ್ಟ್ ಕಂಪನಿಯದೇ ತಪ್ಪು ಎಂಬುದನ್ನು ಎತ್ತಿಹಿಡಿಯಿತು, ಆದರೆ ಪರಿಹಾರವನ್ನು ವೈದ್ಯಕೀಯ ದಾಖಲೆ ಇದ್ದವರಿಗೆ ಮಾತ್ರ ಸೀಮಿತಗೊಳಿಸಿತು. ಎರಡು ಸಾವಿರ ಜನರಲ್ಲಿ ಅಂಥ ದಾಖಲೆ ಇದ್ದದ್ದು ಹನ್ನೆರಡು ಮಂದಿಗೆ.

ಈ ಹನ್ನೆರಡು ಎಂಬ ಸಂಖ್ಯೆಯನ್ನು ದಾಟಿ ಮುಂದೆ ಹೋಗುವುದು ನನಗೆ ಕಷ್ಟ. ವಿಷದ ನೀರು ಕುಡಿದವನು ಅದೇ ವಾರ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಮ್ಯಾಂಗನೀಸ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಚೀಟಿ ಜೋಪಾನವಾಗಿಟ್ಟು ಒಂಬತ್ತು ವರ್ಷ ಕಾಯಬೇಕಿತ್ತು. ನ್ಯಾಯಾಲಯದ ತರ್ಕದಲ್ಲಿ ದೋಷ ಹುಡುಕುವುದು ಸುಲಭವಲ್ಲ, ಹಾನಿ ಕೇಳುವವನು ಹಾನಿ ತೋರಿಸಬೇಕು ತಾನೆ? ಆದರೆ ದಾಖಲೆ ಹುಟ್ಟುವುದು ದವಾಖಾನೆಯಲ್ಲಿ, ದವಾಖಾನೆ ಇರುವುದು ಬಡವನಿಗೆ ಎಟುಕದ ದೂರದಲ್ಲಿ.

ಅದೇ ವರ್ಷ 1,826 ಹಳ್ಳಿಗರ ಪರವಾಗಿ ಲೀ ಡೇ ಎಂಬ ವಕೀಲರ ಸಂಸ್ಥೆ ಲಂಡನ್ನಿನಲ್ಲಿ ದಾವೆ ಹೂಡಿತು. ಪ್ರತಿವಾದಿಗಳು ಇಬ್ಬರು: ಜಾಂಬಿಯಾದ ಗಣಿ ಕಂಪನಿ ಮತ್ತು ಲಂಡನ್ನಿನಲ್ಲಿ ನೋಂದಾಯಿತವಾದ ಅದರ ಮಾತೃಸಂಸ್ಥೆ ವೇದಾಂತ ರಿಸೋರ್ಸಸ್. ಕಾನೂನು ವಿದ್ಯಾರ್ಥಿಗಳು ಇಂದು ‘ಲುಂಗೋವೆ ಪ್ರಕರಣ’ ಎಂದು ಓದುವುದು ಇದನ್ನೇ. ವೇದಾಂತದ ಉತ್ತರ ಏನೆಂದು ಆಗಲೇ ಹೇಳಿದೆ. ಅಂಗಸಂಸ್ಥೆ ಬೇರೆ, ನಾವು ಬೇರೆ. ನಮ್ಮನ್ನು ಎಳೆದಿರುವುದು ಮೊಕದ್ದಮೆಯನ್ನು ಲಂಡನ್ನಿಗೆ ಸಿಕ್ಕಿಸಲು ಕೊಕ್ಕೆಯಾಗಿ ಅಷ್ಟೇ. ಜಾಂಬಿಯಾದ ಮಾಲಿನ್ಯ, ಜಾಂಬಿಯಾದ ಜನ, ಜಾಂಬಿಯಾದ ಕಾನೂನು; ವಿಚಾರಣೆಯೂ ಅಲ್ಲೇ ನಡೆಯಲಿ.

ಭಾರತದ ಓದುಗರಿಗೆ ಈ ವಾದ ಎಲ್ಲೋ ಕೇಳಿದಂತಿರಬೇಕು. ಭೋಪಾಲ್ ದುರಂತದ ಮರುವರ್ಷ, 1985ರಲ್ಲಿ, ಭಾರತ ಸರ್ಕಾರ ಯೂನಿಯನ್ ಕಾರ್ಬೈಡ್ ವಿರುದ್ಧ ನ್ಯೂಯಾರ್ಕಿನಲ್ಲಿ ದಾವೆ ಹೂಡಿತ್ತು. ಬಹುರಾಷ್ಟ್ರೀಯ ಕಂಪನಿ ಎಂಬುದು ಅಖಂಡ ಒಂದು. ಅಂಗಸಂಸ್ಥೆಯ ಮರೆಯಲ್ಲಿ ಅದು ಅಡಗಬಾರದು ಎಂಬುದು ನಮ್ಮ ಸರ್ಕಾರದ ವಾದ. ಇಷ್ಟು ದೊಡ್ಡ ಮೊಕದ್ದಮೆಯನ್ನು ಹೊರುವ ಶಕ್ತಿ ನಮ್ಮ ನ್ಯಾಯಾಲಯಗಳಿಗಿಲ್ಲ ಎಂದೂ ನಾವೇ ಹೇಳಿಕೊಂಡೆವು. ಇಲ್ಲ, ಭಾರತದ ನ್ಯಾಯಾಲಯಗಳು ಸಮರ್ಥವಾಗಿವೆ ಎಂದು ಪ್ರಮಾಣಪತ್ರ ಕೊಟ್ಟದ್ದು ಕಾರ್ಬೈಡ್ ಪರವಾಗಿ ನಾನಿ ಪಾಲ್ಕಿವಾಲಾ! 1986ರ ಮೇನಲ್ಲಿ ನ್ಯಾಯಾಧೀಶ ಜಾನ್ ಕೀನನ್ ಮೊಕದ್ದಮೆಯನ್ನು ಭಾರತಕ್ಕೆ ಸಾಗಹಾಕಿದರು. ಅದನ್ನು ಅಮೆರಿಕದಲ್ಲೇ ಉಳಿಸಿಕೊಳ್ಳುವುದು ಇನ್ನೊಂದು ಬಗೆಯ ಸಾಮ್ರಾಜ್ಯಶಾಹಿಯಾಗುತ್ತದೆ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಮೂರು ವರ್ಷದ ಬಳಿಕ 47 ಕೋಟಿ ಡಾಲರಿಗೆ ರಾಜಿಯಾದದ್ದು ಎಲ್ಲರಿಗೂ ಗೊತ್ತು.

ಮೂವತ್ತು ವರ್ಷ ಕಳೆದಾಗ ಪಾತ್ರಗಳು ಅದಲುಬದಲಾಗಿದ್ದವು. ಭಾರತ ಅಂದು ನ್ಯೂಯಾರ್ಕಿನಲ್ಲಿ ಹೇಳಿದ್ದನ್ನು ಈಗ ಜಾಂಬಿಯಾದ ಹಳ್ಳಿಗರು ಹೇಳುತ್ತಿದ್ದರು. ಕಾರ್ಬೈಡ್ ಹೇಳಿದ್ದನ್ನು ಭಾರತೀಯ ಮೂಲದ ಕಂಪನಿ ಹೇಳುತ್ತಿತ್ತು. 2016ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಕೌಲ್ಸನ್ ಮೊಕದ್ದಮೆ ಲಂಡನ್ನಿನಲ್ಲೇ ನಡೆಯಲಿ ಎಂದರು. ಜಾಂಬಿಯಾದ ನ್ಯಾಯವ್ಯವಸ್ಥೆಯ ಕೊರತೆಗಳನ್ನು ಎಣಿಸುತ್ತಿರುವ ತಮ್ಮ ಮೇಲೆ ವಸಾಹತುಶಾಹಿ ದರ್ಪದ ಆರೋಪ ಬರಬಹುದೆಂಬ ಅಳುಕು ಅವರಿಗೂ ಇತ್ತು, ತೀರ್ಪಿನಲ್ಲೇ ಹಾಗೆ ಬರೆದಿದ್ದಾರೆ. ಕೀನನ್ ಮತ್ತು ಕೌಲ್ಸನ್ ಇಬ್ಬರನ್ನೂ ಕಾಡಿದ್ದು ಒಂದೇ ಮುಜುಗರ. ಒಬ್ಬರು ಅದರಿಂದ ತಪ್ಪಿಸಿಕೊಳ್ಳಲು ಬಾಗಿಲು ಮುಚ್ಚಿದರು, ಇನ್ನೊಬ್ಬರು ಮುಜುಗರವನ್ನು ನುಂಗಿಕೊಂಡು ಬಾಗಿಲು ತೆರೆದರು. ಸಂತ್ರಸ್ತರ ಕಡೆಯಿಂದ ನೋಡಿದರೆ ಯಾವುದು ಸಾಮ್ರಾಜ್ಯಶಾಹಿ ಎಂಬುದರಲ್ಲಿ ನನಗಂತೂ ಗೊಂದಲವಿಲ್ಲ.

ವೇದಾಂತ ಮೇಲ್ಮನವಿಗಳ ಮೆಟ್ಟಿಲೇರುತ್ತ ಹೋಯಿತು. 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಸರ್ವಾನುಮತದ ತೀರ್ಪನ್ನು ಬರೆದವರು ಲಾರ್ಡ್ ಬ್ರಿಗ್ಸ್. ಅದರಲ್ಲಿ ಎರಡು ಸಂಗತಿ ಮುಖ್ಯ.

ಮೊದಲನೆಯದು ಒಂದು ವರದಿಯದು. ದೊಡ್ಡ ಕಂಪನಿಗಳು ಹೊಳಪು ಕಾಗದದಲ್ಲಿ ಅಚ್ಚುಹಾಕಿಸಿ ಹಂಚುವ ಸುಸ್ಥಿರತೆಯ ವರದಿಗಳನ್ನು ಯಾರು ಓದುತ್ತಾರೆ ಎಂದು ನಾವು ತಮಾಷೆ ಮಾಡುವುದುಂಟು. ಹಳ್ಳಿಗರ ವಕೀಲರು ಓದಿದ್ದರು. ‘ಎಂಬೆಡಿಂಗ್ ಸಸ್ಟೇನಬಿಲಿಟಿ’ ಎಂಬ ವರದಿಯಲ್ಲಿ ವೇದಾಂತ, ತನ್ನ ಎಲ್ಲ ಅಂಗಸಂಸ್ಥೆಗಳ ಮೇಲಿನ ಉಸ್ತುವಾರಿ ತನ್ನದೇ ನಿರ್ದೇಶಕ ಮಂಡಳಿಯದು ಎಂದು ಹೇಳಿಕೊಂಡಿತ್ತು. ನೀರಿಗೆ ತ್ಯಾಜ್ಯ ಬಿಡುವ ಸಮಸ್ಯೆಯ ಪ್ರಸ್ತಾಪವಿತ್ತು, ಅದೂ ಕೊಂಕೋಲಾದ ಹೆಸರಿನೊಂದಿಗೆ. ಮಾನದಂಡ ಹಾಕುತ್ತೇವೆ, ತರಬೇತಿ ಕೊಡುತ್ತೇವೆ, ಕಣ್ಗಾವಲಿಡುತ್ತೇವೆ, ಪಾಲಿಸುವಂತೆ ಮಾಡುತ್ತೇವೆ ಎಂಬ ಮಾತುಗಳಿದ್ದವು. ಹೂಡಿಕೆದಾರರ ಮನ ಗೆಲ್ಲಲು ಬರೆದದ್ದು. ಲಾರ್ಡ್ ಬ್ರಿಗ್ಸ್ ಹೇಳಿದ್ದು ಇಷ್ಟು: ಈ ಪ್ರಕಟಿತ ಮಾತುಗಳಷ್ಟೇ ಸಾಕು, ಮಾತೃಸಂಸ್ಥೆ ಆ ಜನರ ಬಗ್ಗೆ ಕಾಳಜಿಯ ಹೊಣೆ ಹೊತ್ತಿತ್ತು ಎಂದು ವಾದಿಸಲು ಆಧಾರವಿದೆ.

ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಕಂಪನಿ ಎಂದರೆ ಅದರ ಒಡೆಯನಿಂದ ಬೇರೆಯಾದ ಕಾನೂನಿನ ವ್ಯಕ್ತಿ ಎಂಬ ನಿಯಮ ಗಟ್ಟಿಯಾದದ್ದು 1896ರಲ್ಲಿ, ಲಂಡನ್ನಿನ ಬೂಟಿನ ವ್ಯಾಪಾರಿ ಸಾಲೊಮನ್‌ನ ಮೊಕದ್ದಮೆಯಲ್ಲಿ. ಜಗತ್ತಿನ ಅರ್ಧ ವ್ಯಾಪಾರ ನಿಂತಿರುವುದೇ ಆ ಮುಸುಕಿನ ಮೇಲೆ. 2019ರ ತೀರ್ಪು ಆ ಮುಸುಕನ್ನು ಹರಿಯಲಿಲ್ಲ. ಅಂಗಸಂಸ್ಥೆಯ ತಪ್ಪನ್ನು ಮಾತೃಸಂಸ್ಥೆಯ ತಲೆಗೆ ಕಟ್ಟಲೂ ಇಲ್ಲ. ನೀನು ನಿಜಕ್ಕೂ ಗಣಿಯ ಆಡಳಿತದಲ್ಲಿ ಕೈಯಾಡಿಸಿದ್ದರೆ, ಕೈಯಾಡಿಸುತ್ತೇನೆಂದು ಲೋಕಕ್ಕೆ ಸಾರಿದ್ದರೆ, ನಿನ್ನ ಸ್ವಂತ ನಡೆಗೆ ನೀನು ಉತ್ತರ ಹೇಳು ಎಂದಿತು ಅಷ್ಟೇ. ಹಳೆಯ ನಿಯಮ ಹಾಗೇ ಉಳಿಯಿತು. ಅದರ ಮರೆಯಲ್ಲಿ ನಿಲ್ಲುವುದು ಕಷ್ಟವಾಯಿತು. ಎರಡು ವರ್ಷದ ಬಳಿಕ ನೈಜೀರಿಯಾದ ತೈಲ ಮಾಲಿನ್ಯ ಕುರಿತ ಶೆಲ್ ಪ್ರಕರಣದಲ್ಲೂ ಅದೇ ನ್ಯಾಯಾಲಯ ಇದೇ ಜಾಡಿನಲ್ಲಿ ನಡೆಯಿತು.

ಎರಡನೆಯದು ವಕೀಲರ ಶುಲ್ಕ. ಇದು ನೀರಸ ಎನಿಸಬಹುದು, ಆದರೆ ಇಡೀ ಪ್ರಕರಣದ ಕೀಲಿ ಇಲ್ಲಿದೆ. ಮಿಕ್ಕೆಲ್ಲ ಲೆಕ್ಕದಲ್ಲಿ ವಿಚಾರಣೆಗೆ ಸರಿಯಾದ ಜಾಗ ಜಾಂಬಿಯಾವೇ ಎಂದು ಲಾರ್ಡ್ ಬ್ರಿಗ್ಸ್ ಒಪ್ಪಿದರು. ಆದರೆ ಕಡುಬಡವರಾದ ಸಾವಿರಾರು ಜನಕ್ಕೆ ಅಲ್ಲಿ ಸರ್ಕಾರಿ ಕಾನೂನು ನೆರವು ಸಿಗುವಂತಿರಲಿಲ್ಲ. ಗೆದ್ದರೆ ಮಾತ್ರ ಶುಲ್ಕ ಎಂಬ ಒಪ್ಪಂದ ಅಲ್ಲಿ ಕಾನೂನುಬಾಹಿರ. ಇಂಥ ಪ್ರಕರಣವನ್ನು ವರ್ಷಗಟ್ಟಲೆ ಹೊರಬಲ್ಲ, ಸಾಕಷ್ಟು ಬಲವೂ ಅನುಭವವೂ ಉಳ್ಳ ವಕೀಲರ ತಂಡಗಳೂ ಇರಲಿಲ್ಲ. ಹಾಗಾಗಿ ಜಾಂಬಿಯಾಕ್ಕೆ ಕಳಿಸಿದರೆ ಅವರಿಗೆ ನ್ಯಾಯ ದಕ್ಕದೇ ಹೋಗುವ ಅಪಾಯ ನಿಜವಾದದ್ದು. ನ್ಯಾಯಾಧೀಶರ ಯೋಗ್ಯತೆಯ ಪ್ರಶ್ನೆ ಅದಾಗಿರಲಿಲ್ಲ, ಅವರ ಮುಂದೆ ನಿಲ್ಲಲು ಬೇಕಾದ ಕಾಸಿನದಾಗಿತ್ತು.

ಇಷ್ಟಾದರೂ 2019ರಲ್ಲಿ ತೀರ್ಮಾನವಾದದ್ದು ಎಲ್ಲಿ ಹೋರಾಡಬೇಕು ಎಂಬುದಷ್ಟೇ. ಮೊಕದ್ದಮೆ ಹೂಡಿ ನಾಲ್ಕು ವರ್ಷ ಬರೀ ಅಖಾಡ ಗೊತ್ತುಮಾಡುವುದಕ್ಕೇ ಹೋಯಿತು. ಕುಸ್ತಿ ನಡೆಯಲೇ ಇಲ್ಲ. 2021ರ ಜನವರಿಯಲ್ಲಿ ಎರಡೂ ಕಡೆಯವರು ರಾಜಿಯಾದರು. ಅಷ್ಟು ಹೊತ್ತಿಗೆ ಅರ್ಜಿದಾರರು 2,521 ಮಂದಿ. ಕಂಪನಿ ಯಾವ ತಪ್ಪನ್ನೂ ಒಪ್ಪಿಕೊಳ್ಳಲಿಲ್ಲ, ಮೊತ್ತವನ್ನು ಹೊರಗೆಡಹಲಿಲ್ಲ. ಹಳ್ಳಿಗರ ಕೈಗೆ ದುಡ್ಡು ಬಂತು. ಹಳ್ಳದಲ್ಲಿ ಏನಿತ್ತು, ಯಾರಿಗೆ ಯಾವಾಗ ಗೊತ್ತಿತ್ತು, ಲಂಡನ್ನಿನ ಕಚೇರಿಯಿಂದ ಯಾವ ಪತ್ರಗಳು ಹೋಗಿದ್ದವು ಎಂಬುದರ ಸಾರ್ವಜನಿಕ ದಾಖಲೆ ಬರಲಿಲ್ಲ.

ರಾಜಿಯನ್ನು ಹೀಗಳೆಯುವುದು ಬೆಂಗಳೂರಿನಲ್ಲಿ ಕೂತು ಬರೆಯುವವನಿಗೆ ಸಲೀಸು. ಹದಿನಾಲ್ಕು ವರ್ಷ ಕಾದವನಿಗೆ ಕೈಗೆ ಬಂದ ದುಡ್ಡು ತೀರ್ಪಿನ ಪ್ರತಿಗಿಂತ ದೊಡ್ಡದು. ಆದರೆ ಕಂಪನಿಗಳು ಯಾವಾಗ ರಾಜಿಗೆ ಬರುತ್ತವೆ ಎಂಬುದನ್ನು ಗಮನಿಸಬೇಕು. ಕಡತಗಳನ್ನು ನ್ಯಾಯಾಲಯದ ಮುಂದೆ ಬಿಚ್ಚುವ ಹಂತ ಹತ್ತಿರವಾದಾಗ ಬರುತ್ತವೆ. ಅಂಥ ಗಳಿಗೆಯಲ್ಲಿ ರಾಜಿಯ ಹಣ ಗಾಯಕ್ಕೆ ಮದ್ದೂ ಹೌದು, ಬಾಯಿಗೆ ಬೀಗವೂ ಹೌದು.

ಕೆನಡಾದ ಹಡ್‌ಬೇ ಮಿನರಲ್ಸ್ ಪ್ರಕರಣವೂ ಹೀಗೇ ಮುಗಿಯಿತು. ಗ್ವಾಟೆಮಾಲಾದ ಎಲ್ ಎಸ್ತೋರ್ ಬಳಿಯ ನಿಕಲ್ ಗಣಿಯಲ್ಲಿ 2009ರಲ್ಲಿ ಒಬ್ಬ ಸಮುದಾಯ ಮುಖಂಡನ ಕೊಲೆಯಾಗಿತ್ತು, ಅದಕ್ಕೂ ಮೊದಲು 2007ರಲ್ಲಿ ಒಕ್ಕಲೆಬ್ಬಿಸುವಾಗ ಹನ್ನೊಂದು ಮಾಯಾ ಹೆಂಗಸರ ಮೇಲೆ ಅತ್ಯಾಚಾರ ನಡೆದ ಆರೋಪವಿತ್ತು. ಒಂಟೇರಿಯೊದ ನ್ಯಾಯಾಧೀಶೆ 2013ರಲ್ಲಿ ಮೊಕದ್ದಮೆಯನ್ನು ತಳ್ಳಿಹಾಕಲು ಒಪ್ಪಲಿಲ್ಲ. ಮಾನವ ಹಕ್ಕುಗಳನ್ನು ಕಾಪಾಡುತ್ತೇವೆ ಎಂದು ಕಂಪನಿ ಸಾರ್ವಜನಿಕವಾಗಿ ಕೊಟ್ಟ ಮಾತುಗಳು ಅಲ್ಲೂ ಗಣನೆಗೆ ಬಂದವು. ಗಣಿಯ ಭದ್ರತಾ ಮುಖ್ಯಸ್ಥನಾಗಿದ್ದವನು 2021ರಲ್ಲಿ ಗ್ವಾಟೆಮಾಲಾದ ನ್ಯಾಯಾಲಯದಲ್ಲಿ ಕೊಲೆಯ ತಪ್ಪೊಪ್ಪಿಕೊಂಡ. ಕೆನಡಾದ ಮೊಕದ್ದಮೆ 2024ರಲ್ಲಿ ರಾಜಿಯಾಯಿತು.

ಇವೆಲ್ಲಕ್ಕೂ ಹಿರಿಯದು ಪಪುವಾ ನ್ಯೂಗಿನಿಯ ಓಕ್ ಟೆಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಆಸ್ಟ್ರೇಲಿಯಾದ ಬಿಎಚ್‌ಪಿ ಅಲ್ಲಿ ಗಣಿ ತೆರೆದಾಗ, ಕೆಸರು ತಡೆಯಲು ಕಟ್ಟುತ್ತಿದ್ದ ಅಣೆಕಟ್ಟೆ 1984ರಲ್ಲಿ ಭೂಕುಸಿತಕ್ಕೆ ಹೋಯಿತು. ಮತ್ತೊಂದು ಕಟ್ಟಲೇ ಇಲ್ಲ. ವರ್ಷಗಟ್ಟಲೆ ಕೆಸರನ್ನು ನೇರ ಹೊಳೆಗೇ ಬಿಟ್ಟರು. ಫ್ಲೈ ನದಿಯ ದಂಡೆಯ ಕಾಡು ನಿಂತಲ್ಲೇ ಸತ್ತಿತು. ಜನ 1994ರಲ್ಲಿ ಮೆಲ್ಬರ್ನಿನ ನ್ಯಾಯಾಲಯಕ್ಕೆ ಹೋದರು. ಆಗ ಪಪುವಾ ನ್ಯೂಗಿನಿಯ ಸರ್ಕಾರ ಏನು ಮಾಡಿತು ಗೊತ್ತೆ? 1995ರಲ್ಲಿ, ವಿದೇಶಿ ನ್ಯಾಯಾಲಯದಲ್ಲಿ ಪರಿಹಾರ ಕೇಳುವುದನ್ನೇ ನಿಷೇಧಿಸುವ ಕಾಯ್ದೆ ತಂದಿತು. ಇಂಥ ಮಸೂದೆ ಸಿದ್ಧಪಡಿಸುವುದರಲ್ಲಿ ಕಂಪನಿಯದೇ ಕೈಯಿತ್ತೆಂದು ಬಯಲಾಗಿ, ವಿಕ್ಟೋರಿಯಾದ ನ್ಯಾಯಾಧೀಶರೊಬ್ಬರು ಇದು ನ್ಯಾಯಾಂಗ ನಿಂದನೆ ಎಂದರು. ಆ ಆದೇಶ ಮೇಲ್ಮನವಿಯಲ್ಲಿ ನಿಲ್ಲಲಿಲ್ಲ. 1996ರಲ್ಲಿ ರಾಜಿ. 2002ರಲ್ಲಿ ಬಿಎಚ್‌ಪಿ ತನ್ನ ಪಾಲನ್ನು ಒಂದು ಅಭಿವೃದ್ಧಿ ನಿಧಿಗೆ ಒಪ್ಪಿಸಿ, ಮುಂದಿನ ದಾವೆಗಳಿಂದ ಕಾನೂನಿನ ರಕ್ಷಣೆಯನ್ನೂ ಪಡೆದು ಹೊರಟುಹೋಯಿತು.

ಪರದೇಶದ ಕಂಪನಿಯ ವಿರುದ್ಧ ಹೋರಾಡುವಾಗ ನಮ್ಮ ಸರ್ಕಾರ ನಮ್ಮ ಕಡೆ ಇರುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಆ ಕಾಯ್ದೆ ಸಾಕ್ಷಿ. ಸಾರ್ವಭೌಮತ್ವ ಎಂಬ ಗಂಭೀರವಾದ ಪದ ಇಂಥ ಕಡೆ ಗಣಿಯ ಕಾವಲುಗಾರನ ಕೆಲಸ ಮಾಡುತ್ತದೆ. ಎಲ್ಲ ಸಲವೂ ಹಾಗಲ್ಲ, ನಿಜ. ಒಡಿಶಾದ ನಿಯಮಗಿರಿಯಲ್ಲಿ ವೇದಾಂತದ ಬಾಕ್ಸೈಟ್ ಯೋಜನೆಯನ್ನು 2013ರಲ್ಲಿ ತೀರ್ಮಾನಿಸಿದ್ದು ಲಂಡನ್ನೂ ಅಲ್ಲ, ಭುವನೇಶ್ವರವೂ ಅಲ್ಲ. ನಮ್ಮ ಸುಪ್ರೀಂ ಕೋರ್ಟಿನ ಆದೇಶದಂತೆ ಹನ್ನೆರಡು ಗ್ರಾಮಸಭೆಗಳು ಕೂತು ಒಂದರ ಹಿಂದೊಂದು ಬೇಡ ಎಂದವು. ಹಾನಿಯಾದ ಮೇಲೆ ಪರಿಹಾರ ಕೇಳುವುದಕ್ಕೂ, ಗುದ್ದಲಿ ಬೀಳುವ ಮೊದಲೇ ಬೇಡ ಎನ್ನುವ ಹಕ್ಕಿಗೂ ಇರುವ ಅಂತರ ಅಲ್ಲಿ ಕಂಡಿತು. ಚಿಂಗೋಲಾದವರಿಗೆ ಆ ಹಕ್ಕು ಯಾವ ಕಾಲಕ್ಕೂ ಇರಲಿಲ್ಲ.

ನಮ್ಮ ಕೋಲಾರದವರಿಗೂ ಇರಲಿಲ್ಲ. 1880ರ ದಶಕದಿಂದ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಸಂಸ್ಥೆ. ಷೇರುದಾರರು, ಲಾಭಾಂಶ ಎಲ್ಲವೂ ಅಲ್ಲಿಯದು. ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆ ಮೊದಲು ದಾಖಲಾದದ್ದು ಈ ಗಣಿಗಳಲ್ಲೇ, 1934ರಲ್ಲಿ. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಲ್ಲಾಗುವ ರೋಗ ಅದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 2001ರಲ್ಲಿ ಮುಚ್ಚಿದವು. ಸೈನೈಡ್ ದಿಬ್ಬಗಳು ಮಾತ್ರ ಊರ ನಡುವೆಯೇ ನಿಂತಿವೆ; ಗಾಳಿ ಎದ್ದಾಗ ಅವುಗಳ ದೂಳು ಮನೆಗಳೊಳಗೆ ನುಗ್ಗುತ್ತದೆ. ಲಂಡನ್ನಿನ ಮಾತೃಸಂಸ್ಥೆಯನ್ನು ಕಟಕಟೆಗೆ ಕರೆಯಬಹುದು ಎಂಬ ಕಲ್ಪನೆ ಹುಟ್ಟುವ ಹೊತ್ತಿಗೆ ಕೆಜಿಎಫ್‌ನ ಲೆಕ್ಕಪುಸ್ತಕ ಕೈಬದಲಾಗಿ ದಶಕಗಳೇ ಆಗಿದ್ದವು.

ಹಾಗಾದರೆ ಇಂದು ಆ ಬಾಗಿಲು ತೆರೆದೇ ಇದೆಯೆ? ಅರೆಬರೆ. ಒಂದು ಕಡೆ ದೊಡ್ಡ ಗೆಲುವು ಬಂದಿದೆ. ಬ್ರೆಜಿಲ್‌ನ ಮರಿಯಾನಾ ಬಳಿ 2015ರ ನವೆಂಬರ್ 5ರಂದು ಫುಂಡಾವೊ ಕಟ್ಟೆ ಒಡೆದು 19 ಜನ ಸತ್ತರು, ಕಬ್ಬಿಣದ ಅದಿರಿನ ಕೆಸರು ದೋಸೆ ನದಿಯಗುಂಟ ಹರಿದು ಅಟ್ಲಾಂಟಿಕ್ ಸೇರಿತು. ಆ ಗಣಿ ಬಿಎಚ್‌ಪಿ ಮತ್ತು ವಾಲೆ ಕಂಪನಿಗಳ ಜಂಟಿ ಒಡೆತನದ್ದು. ಆರು ಲಕ್ಷಕ್ಕೂ ಹೆಚ್ಚು ಜನರ ಪರವಾದ ದಾವೆಯಲ್ಲಿ ಲಂಡನ್ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಬಿಎಚ್‌ಪಿ ಹೊಣೆ ಎಂದು ತೀರ್ಪು ಕೊಟ್ಟಿತು. ಇದು ಅಖಾಡದ ತೀರ್ಪಲ್ಲ, ಪೂರ್ಣ ವಿಚಾರಣೆ ನಡೆದು ಬಂದದ್ದು. ಪರಿಹಾರದ ಮೊತ್ತದ ವಿಚಾರಣೆ ಪ್ರತ್ಯೇಕ.

ಇನ್ನೊಂದು ಕಡೆ ದಾರಿ ಕಿರಿದಾಗುತ್ತಿದೆ. ಹಳ್ಳಿಗರು ಲಂಡನ್ನಿಗೆ ಬಂದಾಗ, ತನ್ನ ನೆಲದಲ್ಲಿ ನೋಂದಾಯಿತವಾದ ಕಂಪನಿಯ ಮೇಲಿನ ದಾವೆಯನ್ನು ‘ಬೇರೆ ದೇಶ ಹೆಚ್ಚು ಸೂಕ್ತ’ ಎಂದು ತಿರಸ್ಕರಿಸುವ ಅಧಿಕಾರ ಬ್ರಿಟನ್ನಿನ ನ್ಯಾಯಾಲಯಕ್ಕೆ ಇರಲಿಲ್ಲ. ಐರೋಪ್ಯ ಒಕ್ಕೂಟದ ಕಾನೂನು ಅದನ್ನು ಕಟ್ಟಿಹಾಕಿತ್ತು. ಬ್ರೆಕ್ಸಿಟ್ ಆದಮೇಲೆ ಆ ಕಟ್ಟು ಕಳಚಿತು, ಕೀನನ್ ಮಾಡಿದ್ದನ್ನು ಈಗ ಲಂಡನ್ನಿನಲ್ಲೂ ಮಾಡಬಹುದು. ವೇದಾಂತ ರಿಸೋರ್ಸಸ್, ತೂತುಕುಡಿಯಲ್ಲಿ ತನ್ನ ಸಮೂಹದ ತಾಮ್ರ ಕಾರ್ಖಾನೆಯ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರಿಗೆ 13 ಜನ ಬಲಿಯಾದ ವರ್ಷವೇ, 2018ರ ಅಕ್ಟೋಬರ್‌ನಲ್ಲಿ, ಲಂಡನ್ ಷೇರುಪೇಟೆಯಿಂದ ಹೊರಬಿತ್ತು. ಗಣಿಯ ಕತೆ ಇನ್ನೂ ವಿಚಿತ್ರ. 2019ರ ಮೇ ತಿಂಗಳಲ್ಲಿ ಜಾಂಬಿಯಾ ಸರ್ಕಾರ ಕೊಂಕೋಲಾವನ್ನು ವೇದಾಂತದ ಕೈಯಿಂದ ಕಿತ್ತುಕೊಂಡಿತು. ಸರ್ಕಾರ ಬದಲಾಯಿತು, ಹೂಡಿಕೆ ಬೇಕಾಯಿತು. 2024ರಲ್ಲಿ ಅದೇ ಸಮೂಹಕ್ಕೆ ಹಿಂದಿರುಗಿಸಿತು.

2025ರ ಫೆಬ್ರುವರಿ 18ರಂದು ಕಫುಯೆಗೆ ಮತ್ತೊಮ್ಮೆ ವಿಷ ಹರಿಯಿತು. ಈ ಸಲ ಚಂಬಿಶಿ ಎಂಬಲ್ಲಿ, ಸೈನೊ-ಮೆಟಲ್ಸ್ ಕಂಪನಿಯ ಆಮ್ಲತ್ಯಾಜ್ಯದ ಕಟ್ಟೆ ಒಡೆದು. ಮೊದಲ ಲೆಕ್ಕದಲ್ಲೇ ಐದು ಕೋಟಿ ಲೀಟರ್. ಕಿಟ್ವೆ ನಗರದ ಸುಮಾರು ಏಳು ಲಕ್ಷ ಜನರ ನೀರು ನಿಂತಿತು. ಆಮ್ಲ ತಣಿಸಲು ವಾಯುಪಡೆಯ ವಿಮಾನಗಳಿಂದ ನದಿಗೆ ಸುಣ್ಣ ಸುರಿದರು. ಸೈನೊ-ಮೆಟಲ್ಸ್‌ನ ಮಾತೃಸಂಸ್ಥೆ ಚೀನಾ ಸರ್ಕಾರದ್ದು. ರೈತರು ಲುಸಾಕಾದ ಹೈಕೋರ್ಟಿನಲ್ಲಿ 8,000 ಕೋಟಿ ಡಾಲರ್ ಪರಿಹಾರ ಕೇಳಿದ್ದಾರೆ. ಅವರ ಅಜ್ಜಂದಿರ ಕಾಲದ ಗಣಿ ಒಡೆಯರು ಲಂಡನ್ನಿನವರು, ಅಪ್ಪಂದಿರ ಕಾಲದಲ್ಲಿ ಲಂಡನ್ ವಿಳಾಸದ ಭಾರತೀಯರು; ಈಗಿನ ಒಡೆಯನ ವಿಳಾಸ ಬೀಜಿಂಗ್. ನದಿಯೊಂದೇ, ವಿಷದ ಜಾತಿಯೂ ಒಂದೇ. ಲಂಡನ್ನಿನ ನ್ಯಾಯಾಲಯ ತೆರೆದ ದಾರಿ ಇವರಿಗೆ ಉಪಯೋಗಕ್ಕಿಲ್ಲ, ಏಕೆಂದರೆ ಆ ದಾರಿ ಯಾವತ್ತೂ ನಿಂತಿದ್ದದ್ದು ಮಾತೃಸಂಸ್ಥೆ ಎಲ್ಲಿ ನೋಂದಾಯಿತವಾಗಿದೆ ಎಂಬ ಆಕಸ್ಮಿಕದ ಮೇಲೆ.

ಅದಕ್ಕೇ ಮಾತೃಸಂಸ್ಥೆ ಇರುವ ದೇಶವೇ ಕಾನೂನು ಮಾಡಲಿ ಎಂಬ ಪ್ರಯತ್ನಗಳು ನಡೆದಿವೆ. ಫ್ರಾನ್ಸ್ 2017ರಲ್ಲಿ ಎಚ್ಚರದ ಹೊಣೆಯ ಕಾಯ್ದೆ ತಂದಿತು, ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರಿಂದ ಜಾರಿಗೆ ಬಂತು. ಐರೋಪ್ಯ ಒಕ್ಕೂಟ 2024ರಲ್ಲಿ ಇಡೀ ಒಕ್ಕೂಟಕ್ಕೆ ನಿಯಮ ಮಾಡಿ, ಮರುವರ್ಷವೇ ಉದ್ಯಮದ ಒತ್ತಡಕ್ಕೆ ಅದನ್ನು ತೆಳುವಾಗಿಸಲು ಕೂತಿತು. ನಮ್ಮಲ್ಲಿ ಸೆಬಿ 2022–23ರಿಂದ ಮೊದಲ ಸಾವಿರ ನೋಂದಾಯಿತ ಕಂಪನಿಗಳಿಗೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿದೆ. ಬರೆಯುವುದು ಕಡ್ಡಾಯ, ಬರೆದಂತೆ ನಡೆಯದಿದ್ದರೆ ಪರದೇಶದ ಹಳ್ಳಿಗನಿಗೆ ಏನು ಹಕ್ಕು ಎಂಬ ಮಾತು ಅದರಲ್ಲಿಲ್ಲ.

2019ರ ತೀರ್ಪಿನ ಬೆನ್ನಿಗೇ ದೊಡ್ಡ ಕಾನೂನು ಸಂಸ್ಥೆಗಳು ತಮ್ಮ ಕಕ್ಷಿದಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿದವು. ಸುಸ್ಥಿರತೆಯ ವರದಿಗಳಲ್ಲಿ ಬಳಸುವ ಭಾಷೆಯ ಬಗ್ಗೆ ಜಾಗ್ರತೆ ಇರಲಿ, ಅಂಗಸಂಸ್ಥೆಯ ಕೆಲಸವನ್ನು ಮಾತೃಸಂಸ್ಥೆ ತನ್ನದೆಂದು ಹೇಳಿಕೊಳ್ಳುವ ಮುನ್ನ ಎರಡು ಸಲ ಯೋಚಿಸಿ ಎಂದು. ಹಳ್ಳಕ್ಕೆ ಬಿಡುವ ನೀರಿನ ಬಗ್ಗೆ ಅಲ್ಲ, ವರದಿಯ ವಾಕ್ಯಗಳ ಬಗ್ಗೆ. ಆ ಸಲಹೆಗೂ ಗಂಟೆಯ ಲೆಕ್ಕದಲ್ಲಿ ಶುಲ್ಕವಿತ್ತು.